ಪನ್ನ ಸರಿಹೋದರೆ ಹೂವು ಕಾಣುತ್ತದೆ: ಉದ್ದನೆಯ ಡಿಎನ್‌ಎ ನೋಡುವ ಬಗೆ

ಗುಳೇದಗುಡ್ಡದಲ್ಲಿ ನಮ್ಮ ಮನೆಯ ಎದುರಿಗಿರುವ ಕಾಕಾ ಖಣ ನೇಯುತ್ತಾರೆ. ಅವರ ಮಗ್ಗದ ಪಕ್ಕದ ಗೋಡೆಗೆ ಒಂದು ಗ್ರಾಫ್ ಹಾಳೆ ಅಂಟಿಸಿದೆ. ಸಣ್ಣ ಸಣ್ಣ ಚೌಕಗಳು. ಕೆಲವಕ್ಕೆ ಪೆನ್ಸಿಲ್ ತುಂಬಿದೆ, ಕೆಲವು ಖಾಲಿ. ಮೂಗು ತಾಗುವಷ್ಟು ಹತ್ತಿರ ನಿಂತರೆ ಬರೀ ಚೌಕ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಹೂವು.

ಹೋದ ದೀಪಾವಳಿಗೆ ನನ್ನ ಅಕ್ಕನ ಮಗಳು ಬೆಳಗಾವಿಯಿಂದ ಬಂದಿದ್ದಳು. ಅಲ್ಲಿ ಬಯೋಟೆಕ್ನಾಲಜಿ ಓದುತ್ತಾಳೆ. ಕಟ್ಟೆಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದು ಏನೋ ನೋಡುತ್ತಿದ್ದಳು. ತೆರೆಯ ತುಂಬ ನಾಲ್ಕು ಬಣ್ಣದ ಚುಕ್ಕಿಗಳ ರಾಶಿ, ಯಾರೋ ಕುಂಕುಮ, ಅರಿಶಿನ, ನೀಲಿ, ಹಸಿರು ಪುಡಿಯನ್ನು ಒಟ್ಟಿಗೆ ಚೆಲ್ಲಿದ ಹಾಗೆ. ಕಾಕಾ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಇದರ ಪನ್ನಾ ಎಷ್ಟ್ ಇಟ್ಟೀ ತಂಗಿ?"

ಬಟ್ಟೆಯ ಅಗಲಕ್ಕೆ ನಮ್ಮ ಕಡೆ ಪನ್ನ ಅನ್ನುತ್ತಾರೆ. ಅವಳು ಬಾಣದ ಗುಂಡಿ ಒತ್ತುತ್ತ ಚಿತ್ರದ ಅಗಲವನ್ನು ಒಂದೊಂದೇ ಹೆಚ್ಚಿಸಿದಳು. ಚುಕ್ಕಿಗಳು ಹರಿದಾಡಿದವು, ಓರೆಯಾದವು, ಮತ್ತೆ ಕದಡಿಹೋದವು. ಒಂದು ಸಂಖ್ಯೆಗೆ ಬಂದಾಗ ತೆರೆಯ ಕೆಳಗಡೆ ತಟ್ಟನೆ ನೆಟ್ಟಗಿನ ಪಟ್ಟೆಗಳು ನಿಂತವು. "ಹಾಂ, ಈಗ ಕುಂತಿತು ನೋಡ" ಎಂದರು ಕಾಕಾ.

ಡಿಎನ್‌ಎಯನ್ನು ಚಿತ್ರ ಮಾಡಿ ತೋರಿಸುವ ಸಾಫ್ಟ್‌ವೇರ್‌ಗಳ ಬಗ್ಗೆ ನಾನು ಒಂದಷ್ಟು ಓದಿಕೊಂಡಿದ್ದೆ. ಆದರೆ ಅವುಗಳ ಜೀವಾಳ ಏನು ಅಂತ ನನಗೆ ಹೊಳೆದದ್ದು ಆ ಸಂಜೆ, ಕಾಕಾನ ಪ್ರಶ್ನೆಯಿಂದ. ಉದ್ದನೆಯ ಒಂದು ನೂಲು ಇದೆ. ಅದರಲ್ಲಿ ಹೂವು ಅಡಗಿದೆ. ಅದನ್ನು ಹೇಗೆ ಹಾಸಿದರೆ ಹೂವು ಕಣ್ಣಿಗೆ ಬೀಳುತ್ತದೆ?

ನೂಲು ಎಷ್ಟು ಉದ್ದ ಅನ್ನುವುದು ಮೊದಲು ಗೊತ್ತಾಗಬೇಕು. ಡಿಎನ್‌ಎ ಅಂದರೆ ನಾಲ್ಕೇ ಅಕ್ಷರಗಳ ಬರಹ: ಎ, ಸಿ, ಜಿ, ಟಿ. ಜೋಳದ ಡಿಎನ್‌ಎಯ ಪೂರ್ತಿ ಬರಹ 2009ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು 73 ಕೋಟಿ ಅಕ್ಷರಗಳಿವೆ. ಪುಟಕ್ಕೆ 3,000 ಅಕ್ಷರದಂತೆ ಅಚ್ಚು ಹಾಕಿದರೆ 2 ಲಕ್ಷ 40 ಸಾವಿರ ಪುಟ ಬೇಕು. ಮನುಷ್ಯನದು 300 ಕೋಟಿಗಿಂತ ಜಾಸ್ತಿ. ಇದನ್ನು ಕೂತು ಓದಲು ಆಗುವುದಿಲ್ಲ. ಓದಿದರೂ ಏನೂ ತಿಳಿಯುವುದಿಲ್ಲ, ಯಾಕೆಂದರೆ ನಡುವೆ ಜಾಗ ಇಲ್ಲ, ಪೂರ್ಣವಿರಾಮ ಇಲ್ಲ, ಹೊಸ ಸಾಲು ಅನ್ನುವುದೇ ಇಲ್ಲ. ಆದರೆ ಕಣ್ಣಿಗೆ ಒಂದು ಶಕ್ತಿ ಇದೆ. ಒಂದು ಬಟ್ಟೆಯಲ್ಲಿ ಸಾವಿರಾರು ಎಳೆ ಇದ್ದರೂ ಒಂದು ಎಳೆ ತಪ್ಪಿದ್ದು ಕಣ್ಣಿಗೆ ಬೀಳುತ್ತದೆ ಅಲ್ವಾ? ಆ ಶಕ್ತಿಯನ್ನು ಡಿಎನ್‌ಎಯ ಮೇಲೆ ಹರಿಸುವುದೇ ಈ ಸಾಫ್ಟ್‌ವೇರ್‌ಗಳ ಕೆಲಸ.

ಎಲ್ಲಕ್ಕಿಂತ ಸರಳವಾದ ಬಗೆ ಅವತ್ತು ಕಟ್ಟೆಯ ಮೇಲೆ ನೋಡಿದ್ದು. ಪ್ರತಿ ಅಕ್ಷರಕ್ಕೆ ಒಂದು ಬಣ್ಣ. ಎಡದಿಂದ ಬಲಕ್ಕೆ ಬಣ್ಣದ ಚುಕ್ಕಿ ಇಡುತ್ತ ಹೋಗುವುದು, ಅಗಲ ಮುಗಿದಾಗ ಕೆಳಗಿನ ಸಾಲಿಗೆ ಇಳಿಯುವುದು. ಸ್ಕಿಟಲ್ ಎಂಬ ಸಾಫ್ಟ್‌ವೇರ್ ಮಾಡುವುದು ಇಷ್ಟೇ. ಇದಕ್ಕೆ ಕಂಪ್ಯೂಟರ್ ಕೂಡ ಬೇಡ, ಮಕ್ಕಳ ಚೌಕುಳಿ ನೋಟ್‌ಬುಕ್ ಸಾಕು. ಜೀವಕೋಶದೊಳಗೆ ಈ ನೂಲು ಕ್ರೋಮೋಸೋಮು ಎಂಬ ಕಂತೆಗಳಾಗಿ ಇರುತ್ತದೆ. ಗಿಡಮರಗಳ ಕ್ರೋಮೋಸೋಮುಗಳ ತುದಿಯಲ್ಲಿ ಸಾಮಾನ್ಯವಾಗಿ ಒಂದು ಏಳಕ್ಷರದ ಪದ ಸಾಲಾಗಿ ಮತ್ತೆ ಮತ್ತೆ ಬರುತ್ತದೆ: ಟಿಟಿಟಿಎಜಿಜಿಜಿ. ಇದನ್ನೇ ತೆಗೆದುಕೊಳ್ಳಿ. ಸಾಲಿಗೆ ಎಂಟು ಮನೆ ಇಟ್ಟು ಬರೆಯಿರಿ:

ಟಿ ಟಿ ಟಿ ಎ ಜಿ ಜಿ ಜಿ ಟಿ
ಟಿ ಟಿ ಎ ಜಿ ಜಿ ಜಿ ಟಿ ಟಿ
ಟಿ ಎ ಜಿ ಜಿ ಜಿ ಟಿ ಟಿ ಟಿ

"ಎ" ಎಲ್ಲಿದೆ ನೋಡಿ. ಮೊದಲ ಸಾಲಿನಲ್ಲಿ ನಾಲ್ಕನೇ ಮನೆ, ಆಮೇಲೆ ಮೂರು, ಆಮೇಲೆ ಎರಡು. ಪಟ್ಟೆ ಎಡಕ್ಕೆ ಓರೆಯಾಗಿ ಇಳಿಯುತ್ತಿದೆ. ಆರು ಮನೆ ಇಟ್ಟರೆ ಬಲಕ್ಕೆ ಓರೆಯಾಗುತ್ತದೆ. ಏಳು ಮನೆ ಇಟ್ಟು ಬರೆಯಿರಿ:

ಟಿ ಟಿ ಟಿ ಎ ಜಿ ಜಿ ಜಿ
ಟಿ ಟಿ ಟಿ ಎ ಜಿ ಜಿ ಜಿ
ಟಿ ಟಿ ಟಿ ಎ ಜಿ ಜಿ ಜಿ

ಕುಂತಿತು! ಓರೆ ಯಾವ ಕಡೆಗೆ ಇದೆ ಅನ್ನುವುದೇ ಅಗಲ ಹೆಚ್ಚಿಸಬೇಕೋ ಇಳಿಸಬೇಕೋ ಅಂತ ಹೇಳಿಬಿಡುತ್ತದೆ. ಹಾಗಾಗಿ ಮರುಕಳಿಕೆಯ ಉದ್ದ ಮೊದಲೇ ಗೊತ್ತಿರಬೇಕಾಗಿಲ್ಲ. ಗುಂಡಿ ಒತ್ತುತ್ತ ಹೋದರೆ ಚಿತ್ರವೇ ಕೈಹಿಡಿದು ಕರೆದುಕೊಂಡು ಹೋಗುತ್ತದೆ. ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಇನ್ನೊಂದು. ಪಟ್ಟೆ ನೆಟ್ಟಗೆ ಇಳಿಯುತ್ತ ಇಳಿಯುತ್ತ ಒಂದು ಕಡೆ ಥಟ್ಟನೆ ಪಕ್ಕಕ್ಕೆ ಜರುಗುತ್ತದೆ. ಅಲ್ಲಿ ಒಂದೆರಡು ಅಕ್ಷರ ಬಿದ್ದುಹೋಗಿವೆ ಅಥವಾ ಸೇರಿಕೊಂಡಿವೆ ಎಂದರ್ಥ. ನೂರು ಅಕ್ಷರದಲ್ಲಿ ಒಂದು ಬಿದ್ದರೂ ಗೊತ್ತಾಗುತ್ತದೆ. ಬರಹವಾಗಿ ಓದಿದ್ದರೆ ಎಂದಾದರೂ ಸಿಗುತ್ತಿತ್ತೇ?

ಈ ವಿದ್ಯೆಯ ನಿಜವಾದ ಸೊಗಸು ಕಾಣುವುದು ಸೆಂಟ್ರೋಮಿಯರ್‌ಗಳಲ್ಲಿ. ಪ್ರತಿ ಕ್ರೋಮೋಸೋಮಿಗೂ ಒಂದು ಸೊಂಟ ಇರುತ್ತದೆ. ಜೀವಕೋಶ ಎರಡಾಗುವಾಗ ಕ್ರೋಮೋಸೋಮನ್ನು ಹಿಡಿದು ಎಳೆಯುವುದು ಅಲ್ಲಿಯೇ. ಮನುಷ್ಯನಲ್ಲಿ ಈ ಜಾಗದ ತುಂಬ ಸುಮಾರು 171 ಅಕ್ಷರದ ಒಂದು ತುಂಡು ಸಾಲುಸಾಲಾಗಿ ಬರುತ್ತದೆ. ಎಕ್ಸ್ ಕ್ರೋಮೋಸೋಮಿನಲ್ಲಿ ಆ ಸಾಲು ಸುಮಾರು 31 ಲಕ್ಷ ಅಕ್ಷರ ಉದ್ದ. ಅಗಲವನ್ನು 171ಕ್ಕೆ ಇಟ್ಟು ಹಾಸಿದರೆ ಪಟ್ಟೆ ಕಾಣುತ್ತದೆ, ಆದರೆ ಮಸುಕಾಗಿ, ನೀರಲ್ಲಿ ನೆನೆದ ಬಣ್ಣದ ಹಾಗೆ. ಯಾಕೆಂದರೆ ಒಂದರ ಪಕ್ಕ ಒಂದಿರುವ ತುಂಡುಗಳು ಅಣ್ಣತಮ್ಮಂದಿರಂತೆ. ಹೋಲಿಕೆ ಇದೆ, ಆದರೆ ಅಚ್ಚು ಒಂದೇ ಅಲ್ಲ. ಈಗ ಅಗಲವನ್ನು 2,057ಕ್ಕೆ ಏರಿಸಿ. ಚಿತ್ರ ಗಕ್ಕನೆ ತಿಳಿಯಾಗುತ್ತದೆ, ಒಂದೊಂದು ಗೆರೆಯೂ ಚೂಪಾಗಿ ನಿಲ್ಲುತ್ತದೆ.

ಏನಾಯಿತು? ಹನ್ನೆರಡು ತುಂಡುಗಳು ಸೇರಿ ಒಂದು ದೊಡ್ಡ ತುಂಡಾಗಿವೆ. ಆ ದೊಡ್ಡ ತುಂಡು ಹೆಚ್ಚುಕಡಿಮೆ ಅಕ್ಷರಕ್ಕೆ ಅಕ್ಷರ ಹಾಗೆಯೇ 1,500 ಸಲ ಬಂದಿದೆ. ಖಣದಲ್ಲಿ ಸಣ್ಣ ಹೂವು ಬೇರೆ, ಹೂವುಗಳು ಸೇರಿ ಆಗುವ ದೊಡ್ಡ ವಿನ್ಯಾಸ ಬೇರೆ ಇರುವ ಹಾಗೆ, ಇಲ್ಲಿಯೂ ಎರಡು ಹಂತ. ಅಂದರೆ ಈ ಜಾಗ ಬೆಳೆದ ಬಗೆಯೂ ಚಿತ್ರದಿಂದ ತಿಳಿಯುತ್ತದೆ. ಮೊದಲು ಸಣ್ಣ ತುಂಡುಗಳು ಸಾಲಾದವು, ಬಹಳ ಕಾಲದಲ್ಲಿ ಒಂದಕ್ಕಿಂತ ಒಂದು ಬೇರೆಯಾದವು. ಆಮೇಲೆ ಹನ್ನೆರಡರ ಗುಂಪೊಂದು ಇಡಿಯಾಗಿ ನಕಲಾಗುತ್ತ ಹೋಯಿತು. ಆ ನಕಲುಗಳಿಗೆ ವಯಸ್ಸು ಕಡಿಮೆ, ಅದಕ್ಕೇ ಅವು ಇನ್ನೂ ಒಂದೇ ಅಚ್ಚಿನಲ್ಲಿವೆ.

ಈ ಭಾಗ ಬಹಳ ವರ್ಷ ಓದಲಾಗದೇ ಉಳಿದಿತ್ತು. ಮನುಷ್ಯನ ಡಿಎನ್‌ಎ ಓದುವ ಯೋಜನೆ 2003ರಲ್ಲಿ ಮುಗಿಯಿತು ಎಂದು ಸಾರಿದರೂ ಸುಮಾರು ನೂರರಲ್ಲಿ ಎಂಟು ಪಾಲು ಖಾಲಿ ಬಿಟ್ಟಿದ್ದರು. ಆಗಿನ ಯಂತ್ರಗಳು ಡಿಎನ್‌ಎಯನ್ನು ಸಣ್ಣ ಸಣ್ಣ ಚೂರು ಮಾಡಿ ಓದುತ್ತಿದ್ದವು. ಒಂದು ಖಣವನ್ನು ಬೆರಳಗಲದ ಚೂರುಗಳಾಗಿ ಕತ್ತರಿಸಿ, ಮತ್ತೆ ಜೋಡಿಸು ಅಂದರೆ ಹೇಗೆ? ಎಲ್ಲ ಚೂರಿನಲ್ಲೂ ಅದೇ ಹೂವು. ಯಾವುದರ ಪಕ್ಕ ಯಾವುದು, ಒಟ್ಟು ಎಷ್ಟು ಹೂವಿದ್ದವು, ಹೇಳಲು ಬರುವುದಿಲ್ಲ. ಹತ್ತಾರು ಸಾವಿರ ಅಕ್ಷರಗಳನ್ನು ಒಂದೇ ಬೀಸಿಗೆ ಓದುವ ಯಂತ್ರಗಳು ಬಂದ ಮೇಲೆ, 2022ರಲ್ಲಿ, ಆ ಖಾಲಿ ಜಾಗಗಳಲ್ಲಿ ಬಹುಪಾಲು ತುಂಬಿದವು. ಅದೇ ವರ್ಷ ಸ್ಟೇನ್ಡ್‌ಗ್ಲಾಸ್ ಎಂಬ ಸಾಫ್ಟ್‌ವೇರೂ ಬಂತು. ಅದು ಸೆಂಟ್ರೋಮಿಯರ್‌ಗಳನ್ನು ಬಣ್ಣದ ತ್ರಿಕೋನಗಳಾಗಿ ತೋರಿಸುತ್ತದೆ. ಯಾವ ಎರಡು ತುಂಡು ಎಷ್ಟು ಹೋಲುತ್ತವೆ ಅನ್ನುವುದರ ಮೇಲೆ ಬಣ್ಣ ಬದಲಾಗುತ್ತದೆ. ಆ ಚಿತ್ರಗಳನ್ನು ಮೊದಲ ಸಲ ನೋಡಿದಾಗ ನಾನು ಬಹಳ ಹೊತ್ತು ಹಾಗೇ ಕೂತಿದ್ದೆ. ಇದು ನಮ್ಮ ಮೈಯೊಳಗೇ ಇದ್ದದ್ದು, ಇಷ್ಟು ದಿನ ಯಾರೂ ನೋಡಿರಲಿಲ್ಲ.

ಅಗಲ ಹೊಂದಿಸುವ ಬಗೆಗೆ ಒಂದು ಮಿತಿ ಇದೆ. ತುಂಡುಗಳು ಒಂದರ ಬೆನ್ನಿಗೆ ಒಂದು ಇದ್ದರೆ ಮಾತ್ರ ಪಟ್ಟೆ ಮೂಡುತ್ತದೆ. ಒಂದು ತುಂಡು ಇಲ್ಲಿ, ಅದರ ಜೋಡಿ ಲಕ್ಷ ಅಕ್ಷರ ದಾಟಿ ಎಲ್ಲೋ ಇದ್ದರೆ? ಅದಕ್ಕೆ ಡಾಟ್ ಪ್ಲಾಟ್ ಇದೆ. 1970ರಲ್ಲಿ ಗಿಬ್ಸ್ ಮತ್ತು ಮ್ಯಾಕಿಂಟೈರ್ ಎಂಬ ಇಬ್ಬರು ತೋರಿಸಿಕೊಟ್ಟ ಉಪಾಯ. ಐವತ್ತು ವರ್ಷ ದಾಟಿದರೂ ಇದಕ್ಕಿಂತ ಒಳ್ಳೆಯದು ಬಂದಿದೆ ಅಂತ ನನಗೆ ಅನ್ನಿಸುವುದಿಲ್ಲ.

ನಮ್ಮ "ವಿಕಟಕವಿ" ಪದವನ್ನೇ ತೆಗೆದುಕೊಳ್ಳೋಣ. ವಿ, ಕ, ಟ, ಕ, ವಿ. ಐದು ಮನೆ ಉದ್ದ, ಐದು ಮನೆ ಅಗಲದ ಚೌಕ ಹಾಕಿ. ಮೇಲೆ ಅಡ್ಡಲಾಗಿ ಈ ಐದು ಅಕ್ಷರ ಬರೆಯಿರಿ, ಎಡಕ್ಕೆ ಮೇಲಿಂದ ಕೆಳಗೆ ಅದೇ ಐದು ಅಕ್ಷರ. ಮೇಲಿನ ಅಕ್ಷರವೂ ಪಕ್ಕದ ಅಕ್ಷರವೂ ಒಂದೇ ಆದ ಮನೆಯಲ್ಲಿ ಚುಕ್ಕಿ ಇಡಿ. ಮುಗಿದ ಮೇಲೆ ನೋಡಿದರೆ ಇಂಟು ಮಾರ್ಕ್ ಬಂದಿರುತ್ತದೆ. ಎಡ ಮೇಲಿಂದ ಬಲ ಕೆಳಕ್ಕೆ ಇಳಿದ ಗೆರೆ, ಪದ ತನ್ನನ್ನೇ ತಾನು ಹೋಲುತ್ತದೆ ಎನ್ನುತ್ತಿದೆ. ಅದನ್ನು ಕತ್ತರಿಸುವ ಎದುರು ಗೆರೆ, ಹಿಂದಿನಿಂದ ಓದಿದರೂ ಅದೇ ಪದ ಎನ್ನುತ್ತಿದೆ.

ಡಿಎನ್‌ಎಗೂ ಇದೇ ಲೆಕ್ಕ. ಎರಡು ಬರಹಗಳನ್ನು ಎರಡು ಬದಿಗೆ ಇಟ್ಟು ಹೋಲಿಸಿದಾಗ ಉದ್ದನೆಯ ಓರೆ ಗೆರೆ ಬಂದರೆ ಎರಡೂ ಒಂದೇ. ಪಕ್ಕಪಕ್ಕದಲ್ಲಿ ಸಮಾನಾಂತರ ಗೆರೆಗಳು ಬಂದರೆ ನಕಲು. ಗೆರೆ ಎದುರು ದಿಕ್ಕಿಗೆ ತಿರುಗಿದರೆ ಆ ಭಾಗ ತಲೆಕೆಳಗಾಗಿ ಕೂತಿದೆ. ಗೆರೆ ಮುರಿದು ಜಿಗಿದರೆ ಅಲ್ಲಿ ಏನೋ ಸೇರಿದೆ ಅಥವಾ ಹೋಗಿದೆ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಡಿಎನ್‌ಎಯಲ್ಲಿ "ತಲೆಕೆಳಗು" ಅಂದರೆ ಸುಮ್ನೆ ಹಿಂದಿನಿಂದ ಓದುವುದಲ್ಲ. ಎ ಇದ್ದಲ್ಲಿ ಟಿ, ಸಿ ಇದ್ದಲ್ಲಿ ಜಿ ಎಂದು ಜೋಡಿ ಅಕ್ಷರ ಹಾಕಿ ಓದಬೇಕು. ಸಾಫ್ಟ್‌ವೇರ್ ಅದನ್ನು ತಾನೇ ಮಾಡಿಕೊಳ್ಳುತ್ತದೆ. ಇರುವುದು ನಾಲ್ಕೇ ಅಕ್ಷರ ಆದ್ದರಿಂದ ನಾಲ್ಕರಲ್ಲಿ ಒಂದು ಮನೆ ಸುಮ್ಮನೆ ಹೊಂದಿಕೆಯಾಗಿ ಚಿತ್ರ ತುಂಬ ಕಸ ಬೀಳುತ್ತದೆ. ಅದಕ್ಕೆ ಒಂದೊಂದೇ ಅಕ್ಷರ ಹೋಲಿಸುವ ಬದಲು ಹತ್ತು ಅಕ್ಷರ ಒಟ್ಟಿಗೆ ಹೊಂದಿದರೆ ಮಾತ್ರ ಚುಕ್ಕಿ ಇಡು ಅನ್ನಬಹುದು. ಹತ್ತಕ್ಷರದ ಪದಗಳು 10,48,576 ಆಗುತ್ತವೆ. ಅಕಸ್ಮಾತ್ ಹೊಂದುವುದು ಅಷ್ಟು ಅಪರೂಪ. ಕಸ ಉದುರಿ ಗೆರೆ ಉಳಿಯುತ್ತದೆ.

ಇದರಿಂದ ಏನು ಕಾಣುತ್ತದೆ ಅನ್ನುವುದಕ್ಕೆ ವಿಜಯಪುರದ ದ್ರಾಕ್ಷಿಯನ್ನೇ ನೋಡಿ. ತಿಕೋಟಾ ಕಡೆ ಹೋದರೆ ಒಣದ್ರಾಕ್ಷಿಯ ಶೆಡ್ಡುಗಳಲ್ಲಿ ಜಾಲರಿಯ ಮೇಲೆ ಹರಡಿದ ಥಾಮ್ಸನ್ ಸೀಡ್‌ಲೆಸ್ ಕಾಣುತ್ತದೆ. ಹಸಿರು ಹಣ್ಣು. ದ್ರಾಕ್ಷಿಯ ಮೂಲ ಬಣ್ಣ ಅದಲ್ಲ, ಕಪ್ಪು-ಕೆಂಪು. ಹಾಗಾದರೆ ಬಣ್ಣ ಎಲ್ಲಿ ಹೋಯಿತು? 2004ರಲ್ಲಿ ಜಪಾನಿನ ವಿಜ್ಞಾನಿಗಳು ಉತ್ತರ ಕೊಟ್ಟರು. ಬಣ್ಣ ಹುಟ್ಟಿಸಲು ಅಪ್ಪಣೆ ಕೊಡುವ ಒಂದು ಜೀನ್ ಇದೆ. ಅದರ ಬಾಗಿಲಲ್ಲೇ ಸುಮಾರು 10 ಸಾವಿರ ಅಕ್ಷರದ ಒಂದು ತುಂಡು ಬಂದು ಕೂತಿದೆ. ಹೆಸರು ಗ್ರೆಟ್1. ಇದು ತನ್ನ ನಕಲು ತೆಗೆದು ಬೇರೆ ಕಡೆ ಅಂಟಿಸಿಕೊಳ್ಳುವ ಜಾತಿಯದು. ಬಾಗಿಲು ಮುಚ್ಚಿದ್ದರಿಂದ ಜೀನ್ ಕೆಲಸ ಮಾಡುವುದಿಲ್ಲ, ಹಣ್ಣಿಗೆ ಬಣ್ಣ ಬರುವುದಿಲ್ಲ.

ಕಪ್ಪು ದ್ರಾಕ್ಷಿಯ ಆ ಭಾಗವನ್ನು ಮೇಲೆ, ಹಸಿರು ದ್ರಾಕ್ಷಿಯದನ್ನು ಎಡಕ್ಕೆ ಇಟ್ಟು ಡಾಟ್ ಪ್ಲಾಟ್ ಹಾಕಿದರೆ ಗೆರೆ ಓರೆಯಾಗಿ ಇಳಿಯುತ್ತ ಬರುತ್ತದೆ. ಒಂದು ಕಡೆ ಮುರಿದು 10 ಸಾವಿರ ಅಕ್ಷರದಷ್ಟು ನೇರ ಕೆಳಕ್ಕೆ ಜಿಗಿಯುತ್ತದೆ. ಮತ್ತೆ ಮೊದಲಿನಂತೆ ಓರೆಯಾಗಿ ಹೊರಡುತ್ತದೆ. ಆ ಜಿಗಿತವೇ ಗ್ರೆಟ್1. ಈಗ ಹಸಿರು ದ್ರಾಕ್ಷಿಯದನ್ನು ಅದರ ಜೊತೆಗೇ ಹೋಲಿಸಿ. ಮುಖ್ಯ ಗೆರೆಯ ಎರಡೂ ಬದಿಗೆ, ದೂರದಲ್ಲಿ, ಒಂದೊಂದು ಪುಟ್ಟ ಗೆರೆ ಕಾಣುತ್ತದೆ. ಗ್ರೆಟ್1ರ ಎರಡು ತುದಿಗಳೂ ಒಂದೇ ಬರಹ, ಸೀರೆಯ ಎರಡು ಅಂಚಿನ ಹಾಗೆ. ಪುಟ್ಟ ಗೆರೆ ಅದರ ಗುರುತು. ಈ ಜಾತಿಯ ತುಂಡುಗಳನ್ನು ಹುಡುಕುವವರು ಮೊದಲು ನೋಡುವುದೇ ಈ ಜೋಡಿ ಅಂಚುಗಳನ್ನು.

ಕತೆ ಇಲ್ಲಿಗೆ ಮುಗಿಯುವುದಿಲ್ಲ. ಇಟಾಲಿಯಾ ಎಂಬ ಹಸಿರು ದ್ರಾಕ್ಷಿ ತಳಿಯಿಂದ ರೂಬಿ ಒಕುಯಾಮ ಎಂಬ ಕೆಂಪು ತಳಿ ತಾನಾಗಿಯೇ ಹುಟ್ಟಿತು. ಅಲ್ಲಿ ಗ್ರೆಟ್1ರ ಎರಡು ಅಂಚುಗಳು ಒಂದನ್ನೊಂದು ತಬ್ಬಿ, ನಡುವಿನದೆಲ್ಲ ಕಳಚಿ ಬಿದ್ದು, ಒಂದೇ ಅಂಚು ಉಳಿದಿದೆ. ಬಾಗಿಲು ತೆರೆಯಿತು, ಬಣ್ಣ ಬಂತು. ಡಾಟ್ ಪ್ಲಾಟಿನಲ್ಲಿ ಆ ದೊಡ್ಡ ಜಿಗಿತದ ಜಾಗದಲ್ಲಿ ಒಂದು ಸಣ್ಣ ಮೆಟ್ಟಿಲಷ್ಟೇ ಇರುತ್ತದೆ. ಎಷ್ಟೋ ಪುಟ ಬರೆದು ಹೇಳಬೇಕಾದ ಸಂಗತಿ ಒಂದು ಮೆಟ್ಟಿಲಿನಲ್ಲಿದೆ.

ದ್ರಾಕ್ಷಿಯ ಇಡೀ ಡಿಎನ್‌ಎಯನ್ನು 2007ರಲ್ಲಿ ಓದಿದರು, 19 ಜೊತೆ ಕ್ರೋಮೋಸೋಮು. ಅದನ್ನು ಅದರೊಂದಿಗೇ ಹೋಲಿಸಿದಾಗ ಒಂದೊಂದು ಭಾಗಕ್ಕೂ ಬೇರೆ ಕಡೆ ಎರಡೆರಡು ಜೋಡಿ ಕಂಡವು. ಅಂದರೆ ಕೋಟ್ಯಂತರ ವರ್ಷಗಳ ಹಿಂದೆ ಅದರ ಪೂರ್ವಜರಲ್ಲಿ ಇಡೀ ಡಿಎನ್‌ಎ ಮೂರು ಪಟ್ಟಾಗಿತ್ತು. ಜೋಳದಲ್ಲಂತೂ ಅರ್ಧಕ್ಕಿಂತ ಜಾಸ್ತಿ ಭಾಗ ಗ್ರೆಟ್1ರ ಹಾಗೆ ನಕಲಾಗಿ ಅಂಟಿಕೊಂಡ ತುಂಡುಗಳೇ.

ಇನ್ನೊಂದು ಬಗೆ ನೋಡಲು ಬಹಳ ಚೆಂದ. 1990ರಲ್ಲಿ ಜೆಫ್ರಿ ಎಂಬವರು ತೋರಿಸಿದ್ದು. ಒಂದು ಚೌಕ, ನಾಲ್ಕು ಮೂಲೆಗೆ ನಾಲ್ಕು ಅಕ್ಷರ. ನಡುವೆ ನಿಂತು ಡಿಎನ್‌ಎ ಓದಲು ಶುರು ಮಾಡಿ. ಯಾವ ಅಕ್ಷರ ಬಂತೋ ಆ ಮೂಲೆಯ ಕಡೆಗೆ ಅರ್ಧ ದಾರಿ ನಡೆದು ಚುಕ್ಕಿ ಇಡಿ. ಮುಂದಿನ ಅಕ್ಷರಕ್ಕೆ ಅಲ್ಲಿಂದ ಮತ್ತೆ ಅರ್ಧ ದಾರಿ. ಲಕ್ಷ ಅಕ್ಷರ ಆದ ಮೇಲೆ ಚುಕ್ಕಿ ರಂಗೋಲಿಯಂಥ ಚಿತ್ರ ಮೂಡಿರುತ್ತದೆ. ಮನುಷ್ಯನ ಡಿಎನ್‌ಎಯ ಚಿತ್ರದಲ್ಲಿ ಒಂದು ಜಾಗ ಚಮಚದಿಂದ ಕೆರೆದು ತೆಗೆದಂತೆ ಖಾಲಿ, ಅದರ ಮರಿ ಖಾಲಿಗಳು ಉಳಿದ ಕಡೆಯೂ ಇರುತ್ತವೆ. ಸಿ ಆದ ಮೇಲೆ ಜಿ ಬರುವ ಜಾಗ ಅದು. ನಮ್ಮಲ್ಲಿ ಸಿ-ಜಿ ಜೋಡಿ, ಲೆಕ್ಕದ ಪ್ರಕಾರ ಇರಬೇಕಾದ್ದರ ಸುಮಾರು ಕಾಲು ಪಾಲಷ್ಟೇ ಇದೆ. ಆ ಜೋಡಿಯ ಸಿ ಮೇಲೆ ಒಂದು ರಾಸಾಯನಿಕ ಗುರುತು ಅಂಟುತ್ತದೆ. ಗುರುತು ಬಿದ್ದ ಸಿ ಕಾಲಾಂತರದಲ್ಲಿ ಟಿ ಆಗಿಬಿಡುತ್ತದೆ. ತಲೆಮಾರುಗಳ ಸವಕಳಿ ಹೀಗೆ ಖಾಲಿ ಜಾಗವಾಗಿ ಕಾಣುತ್ತದೆ.

ಬ್ಯಾಕ್ಟೀರಿಯಾಗಳಿಗೆ ಇಷ್ಟೆಲ್ಲ ಬೇಡ. ಬಾಗಲಕೋಟೆಯ ದಾಳಿಂಬೆ ಬೆಳೆಗಾರರನ್ನು ಕಾಡುವ ದುಂಡಾಣು ರೋಗದ ಕ್ಸಾಂಥೋಮೋನಾಸ್ ಜಾತಿಯವಕ್ಕೆ ಸುಮಾರು 50 ಲಕ್ಷ ಅಕ್ಷರದ, ಬಳೆಯಂಥ ಡಿಎನ್‌ಎ ಇರುತ್ತದೆ. ಜಿ ಬಂದರೆ ಒಂದು ಹೆಜ್ಜೆ ಮೇಲೆ, ಸಿ ಬಂದರೆ ಒಂದು ಹೆಜ್ಜೆ ಕೆಳಗೆ. ಹೀಗೆ ಗೆರೆ ಎಳೆದರೆ ಬಹಳಷ್ಟು ಬ್ಯಾಕ್ಟೀರಿಯಾಗಳಲ್ಲಿ ಒಂದು ಗುಡ್ಡ, ಒಂದು ತಗ್ಗು ಕಾಣುತ್ತದೆ. ಡಿಎನ್‌ಎ ನಕಲಾಗಲು ಶುರುವಾಗುವ ಜಾಗ ತಗ್ಗಿನ ತಳದಲ್ಲಿ, ಮುಗಿಯುವ ಜಾಗ ಗುಡ್ಡದ ತುದಿಯಲ್ಲಿ.

ಒಂದು ಎಚ್ಚರಿಕೆ ಹೇಳಲೇಬೇಕು. ಮೋಡದಲ್ಲಿ ಆನೆ ಕಾಣುವ ಕಣ್ಣು ಇದು. ಇಲ್ಲದ ಹೂವನ್ನೂ ಕಾಣುತ್ತದೆ. ಅಕ್ಕನ ಮಗಳು ಒಮ್ಮೆ ಒಂದು ಕ್ರೋಮೋಸೋಮಿನ ನಡುವೆ ಒಂದೇ ಬಣ್ಣದ ದೊಡ್ಡ ಪಟ್ಟಿ ಕಂಡು ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿದ್ದಳು. ಬೆಳಗ್ಗೆ ನೋಡಿದರೆ ಅದು ಬರೀ "ಎನ್" ಅಕ್ಷರಗಳು. ಓದಲು ಆಗದ ಜಾಗಕ್ಕೆ ಎನ್ ತುಂಬಿಡುವುದು ರೂಢಿ. ಅವಳಿಗೆ ಬೇಜಾರಾಯಿತು, ಆದರೆ ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದಾಳೆ. ಏನೇ ಪಟ್ಟೆ ಕಂಡರೂ ಅದೇ ಅಕ್ಷರಗಳನ್ನು ಇಸ್ಪೀಟಿನ ಎಲೆ ಕಲಸಿದ ಹಾಗೆ ಕಲಸಿ ಮತ್ತೆ ಚಿತ್ರ ಹಾಕುತ್ತಾಳೆ. ಕಲಸಿದ ಮೇಲೂ ಅಂಥದ್ದೇ ಪಟ್ಟೆ ಬಂದರೆ ಅದು ಕಣ್ಣಿನ ಆಟ. ಮಾಯವಾದರೆ ನಿಜವಾದ ಮರುಕಳಿಕೆ. ಹೀಗೆ ಕಲಸಿ ನೋಡದೆ ಯಾವ ಚಿತ್ರವನ್ನೂ ನಂಬಬಾರದು ಅಂತ ನನ್ನ ಅಭಿಪ್ರಾಯ.

ದೊಡ್ಡ ಡಿಎನ್‌ಎಗೆ ತೆರೆ ಸಾಲದು ಅನ್ನುವುದೂ ನಿಜ. ಸಾಮಾನ್ಯ ಲ್ಯಾಪ್‌ಟಾಪಿನ ತೆರೆಯಲ್ಲಿ 20 ಲಕ್ಷ ಚುಕ್ಕಿ ಹಿಡಿಯುತ್ತವೆ. ಜೋಳಕ್ಕೆ ಅಂಥ 365 ತೆರೆ ಬೇಕು. ಹಾಗಾಗಿ ಸಾಫ್ಟ್‌ವೇರ್ ನೂರಾರು ಅಕ್ಷರಗಳ ಬಣ್ಣ ಕಲಸಿ ಒಂದು ಚುಕ್ಕಿ ಮಾಡುತ್ತದೆ. ಆಗ ಜಿ-ಸಿ ಜಾಸ್ತಿ ಇರುವ ಪ್ರದೇಶಗಳಂಥ ದೊಡ್ಡ ವಿಷಯಗಳು ಎದ್ದು ಬರುತ್ತವೆ, ಸಣ್ಣ ಪಟ್ಟೆಗಳು ಅಳಿಸುತ್ತವೆ. ದೂರ ನಿಂತೂ ನೋಡಬೇಕು, ಹತ್ತಿರ ಬಂದೂ ನೋಡಬೇಕು.

ಮಾಡಿ ನೋಡುವ ಆಸೆ ಇದ್ದರೆ ಸಣ್ಣದರಿಂದ ಶುರು ಮಾಡಿ. ಅಮೆರಿಕದ ಎನ್‌ಸಿಬಿಐ ಭಂಡಾರದಲ್ಲಿ ಈ ಬರಹಗಳೆಲ್ಲ ಪುಕ್ಕಟೆ ಸಿಗುತ್ತವೆ. ಫಾಸ್ಟಾ ಎಂಬ ಸಾದಾ ಕಡತ, ಯಾವ ಹಳೆಯ ಕಂಪ್ಯೂಟರಿನಲ್ಲೂ ತೆರೆಯುತ್ತದೆ. ಡಾಟ್ ಪ್ಲಾಟ್ ಹಾಕಲು ಗೆಪಾರ್ಡ್ ಇದೆ, ಅದೂ ಪುಕ್ಕಟೆ. ಮೊದಲು ಜೋಳದ ಕ್ಲೋರೋಪ್ಲಾಸ್ಟಿನ ಡಿಎನ್‌ಎ ಇಳಿಸಿಕೊಳ್ಳಿ. ಎಲೆಯನ್ನು ಹಸಿರು ಮಾಡುವ ಭಾಗಕ್ಕೆ ತನ್ನದೇ ಪುಟ್ಟ ಡಿಎನ್‌ಎ ಇರುತ್ತದೆ, ಸುಮಾರು 1 ಲಕ್ಷ 40 ಸಾವಿರ ಅಕ್ಷರ. ಎರಡೂ ಬದಿಗೆ ಅದೇ ಕಡತ ಕೊಟ್ಟು ಗುಂಡಿ ಒತ್ತಿ.

ಮೂಲೆಯಿಂದ ಮೂಲೆಗೆ ಒಂದು ಉದ್ದ ಗೆರೆ ಬರುತ್ತದೆ, ಅದು ಬರಲೇಬೇಕು. ಅದರ ಅತ್ತ ಒಂದು, ಇತ್ತ ಒಂದು, ಎದುರು ದಿಕ್ಕಿಗೆ ವಾಲಿದ ಎರಡು ಗೆರೆಗಳನ್ನು ನೋಡಿ. ಇಂಟು ಮಾರ್ಕಿನ ನಡುಭಾಗ ರಬ್ಬರಿನಿಂದ ಅಳಿಸಿದ ಹಾಗೆ ಇರುತ್ತವೆ. ಸುಮಾರು 23 ಸಾವಿರ ಅಕ್ಷರದ ಒಂದೇ ಬರಹ ಅಲ್ಲಿ ಎರಡು ಸಲ ಇದೆ, ಒಂದು ನೆಟ್ಟಗೆ, ಒಂದು ತಲೆಕೆಳಗಾಗಿ. ನಡುವೆ ಬೇರೊಂದು ತುಂಡು ಕೂತಿದೆ. ರೊಟ್ಟಿಯ ಜೋಳದ ಪ್ರತಿ ಎಲೆಯಲ್ಲೂ ಒಂದು ವಿಕಟಕವಿ.